ವಾಡೆಗೆ ಒಗ್ಗಿದ ವಿಲಾಯತಿ ಗಡಿಯಾರ

ಹಳೆಯ ನಾಸಿಕದ ಓಣಿಗಳಲ್ಲಿ, ಪೇಶ್ವೆಗಳ ಕಾಲದ ಸರಕಾರವಾಡೆಯಿಂದ ಕೂಗಳತೆಯ ದೂರದಲ್ಲಿ, ಬೀದಿಯ ಕಡೆಯಿಂದ ಕಿರಾಣಿ ಅಂಗಡಿಯೊಂದರ ಹಿಂಬದಿಯೆಂದೇ ತೋರುವ, ಬಾಗಿಲು ದಾಟಿ ಚೌಕಕ್ಕೆ ಬಂದ ಮೇಲಷ್ಟೇ ತನ್ನ ಕುಲವನ್ನು ಪ್ರಕಟಪಡಿಸುವ ವಾಡೆಯೊಂದರ ದಿವಾಣಖಾನೆಯಲ್ಲಿ, ಆಳಿಗಿಂತ ಒಂದು ಗೇಣು ಎತ್ತರವಾದ ವಿಲಾಯತಿ ಗಡಿಯಾರವೊಂದಿದೆ. ಇಂಥವನ್ನು ವಸ್ತುಸಂಗ್ರಹಾಲಯಗಳಲ್ಲಿ ಕಂಡವರಿಗೆ ಅದರ ಮುಖ ಹೊಸದೆನಿಸದು: ಬಿಳಿಯ ಬಣ್ಣ ಬಳಿದ ಕಬ್ಬಿಣದ ಫಲಕ, ನಾಲ್ಕು ಮೂಲೆಗಳಲ್ಲಿ ಮಾಸಿದ ಗುಲಾಬಿಗಳು, ನೆತ್ತಿಯ ಕಮಾನಿನಲ್ಲಿ ದಿನಕ್ಕಿಷ್ಟಿಷ್ಟೇ ಸರಿಯುವ, ಕೆನ್ನೆಗೆ ಕೆಂಪು ಹಚ್ಚಿಕೊಂಡ ಚಂದ್ರ. ವಿಸ್ಮಯವಿರುವುದು ಕೊರಳಿನಿಂದ ಕೆಳಗೆ. ಓಕ್ ಅಥವಾ ಮಹೋಗನಿಯ ಗೂಡು ಇರಬೇಕಾದಲ್ಲಿ ಸಾಗುವಾನಿಯ ಗೂಡಿದೆ. ಮುಖದ ಎರಡು ಪಕ್ಕಗಳಲ್ಲಿ ಗ್ರೀಕ್ ಮಾದರಿಯ ಪುಟ್ಟ ಕಂಬಗಳಿರಬೇಕಾದಲ್ಲಿ ಮರಾಠಾ ವಾಡೆಗಳ ಸುರು ಮರದಾಕಾರದ ಕಂಬಗಳು, ಪದ್ಮಪೀಠದ ಮೇಲೆ, ಅಂಗೈಯುದ್ದಕ್ಕೆ ಕುಗ್ಗಿ ನಿಂತಿವೆ. ಶಿಖರದಲ್ಲಿ ಹಿತ್ತಾಳೆಯ ಗುಂಡುಗಳಿಗೆ ಬದಲಾಗಿ ಮರದ ಕಲಶಗಳು.

ವಾಡೆಯ ಯಜಮಾನರು ವಯೋವೃದ್ಧರು, ನಿವೃತ್ತ ಅಧ್ಯಾಪಕರು, ಓಣಿಗೆಲ್ಲ ಕಾಕಾ. ವಿಜಯಪುರದ ಕಡೆಯ ನನ್ನ ಮರಾಠಿಯನ್ನು ಅವರು ಬಹು ಸೌಜನ್ಯದಿಂದ ಸಹಿಸಿಕೊಂಡರು. "ಸಂಕಷ್ಟಿಯ ದಿನ ಈ ಚಂದ್ರನನ್ನು ನೋಡಿ ಉಪವಾಸ ಬಿಡಬಹುದೇ ಕಾಕಾ?" ಎಂದು ಕೇಳಿದೆನು. ಒಳಗಿನಿಂದ ಅವರ ಮಡದಿಯೇ ಉತ್ತರವಿತ್ತರು: "ಆ ಚಂದ್ರ ಮೋಡವಿದ್ದರೂ ಕಾಣಿಸುತ್ತಾನೆ, ಅವನನ್ನು ಹೇಗೆ ನಂಬುವುದು?" ಆದರೆ ಯಂತ್ರದ ಲೆಕ್ಕ ಅಷ್ಟೇನೂ ತಪ್ಪಿದ್ದಲ್ಲ. ಒಂದೇ ಬಿಲ್ಲೆಯ ಮೇಲೆ ಎರಡು ಚಂದ್ರರನ್ನು ಬರೆದು, ಅದರ ಅಂಚಿಗೆ 118 ಹಲ್ಲುಗಳನ್ನು ಕೊರೆದು, ದಿನಕ್ಕೆ ಎರಡು ಹಲ್ಲಿನಂತೆ ನೂಕಿದರೆ, ಇಪ್ಪತ್ತೊಂಬತ್ತೂವರೆ ದಿನಕ್ಕೆ ಒಬ್ಬ ಚಂದ್ರ ಮುಳುಗಿ ಇನ್ನೊಬ್ಬ ಹುಟ್ಟುವನು. ನಿಜವಾದ ಚಾಂದ್ರಮಾಸಕ್ಕೂ ಇದಕ್ಕೂ ಇರುವ ಅಂತರ ಮುಕ್ಕಾಲು ಗಂಟೆಗೂ ಕಡಿಮೆ.

ಇಂಥ ಗಡಿಯಾರಗಳ ಪೂರ್ವಕಥೆ ವಾಚಕರಿಗೆ ತಿಳಿದದ್ದೇ. ಡಚ್ ಪಂಡಿತ ಹೈಗೆನ್ಸ್ 1656ರಲ್ಲಿ ಲೋಲಕವನ್ನು ಗಡಿಯಾರಕ್ಕೆ ಹೂಡಿದನು. 1670ರ ಸುಮಾರಿಗೆ ಲಂಡನ್ನಿನಲ್ಲಿ ಲಂಗರಿನಾಕಾರದ ಕೊಂಡಿ ಬಳಕೆಗೆ ಬಂದು, ಉದ್ದನೆಯ ಲೋಲಕ ಅಲ್ಪವೇ ತೂಗಿಯೂ ಗಾಲಿಯನ್ನು ಹಲ್ಲು ಹಲ್ಲಾಗಿ ಬಿಡುವಂತಾಯಿತು. ಸೆಕೆಂಡಿಗೊಮ್ಮೆ ಬಡಿಯುವ ಲೋಲಕಕ್ಕೆ ಸುಮಾರು 994 ಮಿಲಿಮೀಟರ್ ಉದ್ದ ಬೇಕು. ಅದು ತೂಗಲೂ, ಭಾರದ ಗುಂಡುಗಳು ಎಂಟು ದಿನ ಇಳಿಯಲೂ ಸ್ಥಳ ಬೇಕು. ಆದ್ದರಿಂದ ಗೂಡು ಆಳೆತ್ತರವಾಯಿತು, ತೂಗಾಟ ಕಿರಿದಾದ್ದರಿಂದ ಸೊಂಟ ಸಣ್ಣದಾಯಿತು. 1770ರ ದಶಕದಿಂದೀಚೆಗೆ ಬರ್ಮಿಂಗ್‌ಹ್ಯಾಮಿನಲ್ಲಿ ಬಣ್ಣದ ಮುಖಫಲಕಗಳು ರಾಶಿರಾಶಿಯಾಗಿ ತಯಾರಾಗತೊಡಗಿದವು. ಕಾಕಾ ಅವರ ಗಡಿಯಾರದ ಮುಖವೂ ಆ ಕುಲದ್ದು. ಊರಿಗೆ ಹಿಂದಿರುಗುವ ಗೋರಾ ಅಧಿಕಾರಿಯೊಬ್ಬನ ಹರಾಜಿನಲ್ಲಿ ಅಜ್ಜನ ತಂದೆ ಕೊಂಡದ್ದೆಂಬುದು ಮನೆಯ ಮಾತು. ಪೇಶ್ವೆಯ ಅರಮನೆಯಿಂದ ಬಂದದ್ದೆಂಬುದು ಓಣಿಯ ಮಾತು. ಪೇಶ್ವೆಗಳ ಆಳ್ವಿಕೆ 1818ರವರೆಗೆ ಇದ್ದುದರಿಂದ ಎರಡನೆಯದನ್ನು ಅಸಾಧ್ಯವೆನ್ನಲಾರೆನಾದರೂ, ನಾಸಿಕದಲ್ಲಿ ಪೇಶ್ವೆಯ ಸಂಬಂಧವಿಲ್ಲದ ಹಳೆಯ ಮರದ ತುಂಡನ್ನು ನಾನು ಇನ್ನೂ ಕಂಡಿಲ್ಲ.

ಗೂಡಿನ ಬಾಗಿಲು ತೆರೆದು ದೀಪ ಹಿಡಿದಾಗ ಲೋಲಕದ ತುದಿಯಲ್ಲಿ ಒಂದು ಗುರುತು ಕಣ್ಣಿಗೆ ಬಿತ್ತು. ಗುಂಡನ್ನು ಹೊತ್ತು ನಿಲ್ಲುವ ನಟ್ಟಿನ ಕೆಳಗೆ, ಕಡ್ಡಿಯ ತಿರುಪಿನ ಮೇಲೆ, ಮೂರು ಮಿಲಿಮೀಟರಿನಷ್ಟು ಅಂತರದಲ್ಲಿ, ಬಹುಕಾಲ ಅದೇ ನಟ್ಟು ಕುಳಿತಿದ್ದಂತೆ ತುಕ್ಕಿನ ಒಂದು ಉಂಗುರ. "ಅದು ವಿಲಾಯತಿಯ ಜಾಗ, ಈಗಿರುವುದು ನಮ್ಮ ಜಾಗ. ಹಾಗೆಂದು ಔರಂಗಾಬಾದಿನ ಚಾಚಾ ಹೇಳಿದ್ದಾರೆ" ಎಂದರು ಕಾಕಾ. ಈ ಒಂದು ಮಾತಿನ ಬೆನ್ನು ಹತ್ತಿ ನಾನು ಮರುದಿನ ಛತ್ರಪತಿ ಸಂಭಾಜಿನಗರದ ಬಸ್ಸು ಹಿಡಿದೆನು. ನಮ್ಮ ಕಲಬುರಗಿ, ರಾಯಚೂರು, ಬೀದರಿನ ಹಿರಿಯರಿಗೆ ಅದು ಔರಂಗಾಬಾದು. 1956ರವರೆಗೆ ಹೈದರಾಬಾದು ರಾಜ್ಯದಲ್ಲಿ ಅವರ ಜೊತೆಗೇ ಇದ್ದ ಊರು.

ಚಾಚಾ ಅವರದು ಶಹಾಗಂಜಿನ ಗಡಿಯಾರ ಗೋಪುರದಿಂದ ಹೆಚ್ಚು ದೂರವಲ್ಲದ, ಒಬ್ಬರು ಕುಳಿತರೆ ಇನ್ನೊಬ್ಬರು ನಿಲ್ಲಬೇಕಾದ ಗಡಿಯಾರ ರಿಪೇರಿಯ ಅಂಗಡಿ. ದಖನಿಯಲ್ಲಿ ಮಾತು ಸಲೀಸಾಗಿ ಸಾಗಿತು. "ವಿಲಾಯತಿಯ ಗಡಿಯಾರ ಇಲ್ಲಿ ಸೋಮಾರಿಯಾಗುತ್ತದೆ ಸಾಬ್. ದಿನಕ್ಕೆ ಎರಡು ನಿಮಿಷ ಹಿಂದೆ. ಗುಂಡನ್ನು ಒಂದಿಷ್ಟು ಮೇಲಕ್ಕೆ ಏರಿಸಬೇಕು. ನಮ್ಮ ಉಸ್ತಾದರು ಹೇಳಿದ್ದು. ಏಕೆಂದು ಅವರನ್ನು ಕೇಳುವ ಧೈರ್ಯ ಯಾರಿಗಿತ್ತು?" ಎಂದರು.

ಏಕೆಂಬುದನ್ನು ಕೇಳಿದವರು ಇದ್ದರು. 1672ರಲ್ಲಿ ಪ್ಯಾರಿಸಿನ ವಿಜ್ಞಾನ ಅಕಾಡೆಮಿಯ ಪರವಾಗಿ ದಕ್ಷಿಣ ಅಮೆರಿಕದ ಕಯೆನ್‌ಗೆ ಹೋದ ಜ್ಯಾ ರಿಶೆ ಎಂಬ ಖಗೋಳಜ್ಞನು, ಪ್ಯಾರಿಸಿನಲ್ಲಿ ಸರಿಯಾಗಿದ್ದ ತನ್ನ ಗಡಿಯಾರ ಅಲ್ಲಿ ದಿನಕ್ಕೆ ಎರಡೂವರೆ ನಿಮಿಷ ಹಿಂದೆ ಬೀಳುತ್ತಿದೆಯೆಂದು ಕಂಡು, ಲೋಲಕವನ್ನು ಮೊಟಕುಗೊಳಿಸಬೇಕಾಯಿತು. ಭೂಮಿ ಧ್ರುವಗಳಲ್ಲಿ ಚಪ್ಪಟೆಯಾಗಿಯೂ ಸಮಭಾಜಕದಲ್ಲಿ ಉಬ್ಬಿಯೂ ಇರುವುದೆಂದು ನ್ಯೂಟನ್ ತನ್ನ ಮಹಾಗ್ರಂಥದಲ್ಲಿ ವಾದಿಸುವಾಗ ಈ ಹಿಂದುಳಿದ ಗಡಿಯಾರವೇ ಅವನಿಗೆ ಸಾಕ್ಷಿಯಾಗಿ ಒದಗಿತು. ಸಮಭಾಜಕದತ್ತ ಸರಿದಷ್ಟೂ ಭೂಮಿಯ ಸೆಳೆತ ಕಡಿಮೆ, ಸೆಳೆತ ಕಡಿಮೆಯಾದಷ್ಟೂ ಲೋಲಕದ ತೂಗಾಟ ನಿಧಾನ. ಲಂಡನ್ನಿರುವುದು 51 ಡಿಗ್ರಿಯ ಆಚೆ, ನಾಸಿಕ 20 ಡಿಗ್ರಿಯಲ್ಲಿ. ಮೇಲಾಗಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ. ಎರಡನ್ನೂ ಹಿಡಿದು ಲೆಕ್ಕ ಹಾಕಿದರೆ ನಷ್ಟ ದಿನಕ್ಕೆ ಎರಡು ನಿಮಿಷವೆಂದೂ, ಅದನ್ನು ಸರಿದೂಗಿಸಲು ಲೋಲಕವನ್ನು ಮೂರು ಮಿಲಿಮೀಟರಿಗಿಂತ ಒಂದಿಷ್ಟು ಕಡಿಮೆ ಕುಗ್ಗಿಸಬೇಕೆಂದೂ ಬರುತ್ತದೆ. ಚಾಚಾ ಅವರ ಉಸ್ತಾದರ ಅಂಗೈಯ ಅಂದಾಜೂ, ನ್ಯೂಟನ್ನನ ಗಣಿತವೂ, ಕಾಕಾ ಅವರ ಲೋಲಕದ ತುಕ್ಕಿನ ಉಂಗುರವೂ ಒಂದೇ ಕಡೆ ಬಂದು ಸೇರಿದಾಗ ನನಗಾದ ಹರ್ಷವನ್ನು ಬಸ್ಸಿನಲ್ಲಿ ಪಕ್ಕದ ಪ್ರಯಾಣಿಕರಿಗೆ ತಿಳಿಸಲು ಯತ್ನಿಸಿದೆನು, ಅವರು ನಿದ್ರಿಸುತ್ತಿದ್ದರು. ಆ ಉಂಗುರ ಬೇರೆ ಯಾವುದಾದರೂ ರಿಪೇರಿಯ ಕಲೆಯೂ ಆಗಿರಬಹುದೆಂಬ ಸಂದೇಹವನ್ನು ವಾಚಕರು ಎತ್ತಬಹುದು. ಎತ್ತಲಿ, ನನಗೆ ಅದರಲ್ಲಿ ಉತ್ಸಾಹವಿಲ್ಲ.

ಇದೇ ತತ್ತ್ವವನ್ನು ಹಿಡಿದು 1865ರಿಂದ ಭಾರತದ ಸರ್ವೇಕ್ಷಣ ಇಲಾಖೆಯ ಬಸೇವಿ ಎಂಬ ಅಧಿಕಾರಿ, ದೇಶದ ದಕ್ಷಿಣದ ತುದಿಯಿಂದ ಹಿಮಾಲಯದವರೆಗೆ ಲೋಲಕಗಳನ್ನು ಹೊರಿಸಿಕೊಂಡು ನಡೆದು, ಅಲ್ಲಲ್ಲಿ ಅವುಗಳನ್ನು ತೂಗಾಡಿಸಿ ಭೂಮಿಯ ಸೆಳೆತವನ್ನು ಅಳೆದನು. 1871ರಲ್ಲಿ ಲದಾಖಿನ ಎತ್ತರದ ಬಯಲಿನಲ್ಲಿ, ಅದೇ ಕಾರ್ಯದ ನಡುವೆ, ತೀರಿಕೊಂಡನು. ಇನ್ನು ಶಾಖದ ಮಾತು. ಕಬ್ಬಿಣದ ಕಡ್ಡಿ ಬಿಸಿಲಿಗೆ ಹಿಗ್ಗುತ್ತದೆ. ದ್ರಾಕ್ಷಿಯ ಬೆಳೆಗಾರರು ಭಯಪಡುವ ನಾಸಿಕದ ಚಳಿಗೂ ಅಲ್ಲಿನ ವೈಶಾಖಕ್ಕೂ ಇಪ್ಪತ್ತು ಡಿಗ್ರಿ ಅಂತರ ಹಿಡಿದರೆ, ಬೇಸಿಗೆಯಲ್ಲಿ ದಿನಕ್ಕೆ ಹತ್ತು ಸೆಕೆಂಡು ನಷ್ಟ. ಇದನ್ನು ನೀಗಲು ಇಂಗ್ಲೆಂಡಿನ ಗ್ರಹಾಂ ಪಾದರಸವನ್ನೂ, ಹ್ಯಾರಿಸನ್ ಹಿತ್ತಾಳೆ ಉಕ್ಕುಗಳ ಜಾಲರಿಯನ್ನೂ ಯೋಜಿಸಿದರು. ಚಾಚಾ ಅವರ ಯೋಜನೆ ಬೇರೆ: ಹೋಳಿಯಾದ ಮೇಲೆ ನಟ್ಟನ್ನು ಒಂದು ಕೂದಲೆಳೆಯಷ್ಟು ಮೇಲಕ್ಕೆ, ದೀಪಾವಳಿಯಾದ ಮೇಲೆ ಅಷ್ಟೇ ಕೆಳಕ್ಕೆ.

ಗೂಡು ಬದಲಾದ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಇಂಗ್ಲೆಂಡಿನ ಬಡಗಿಗಳು ಅಗ್ಗದ ಮರದ ಮೇಲೆ ಮಹೋಗನಿಯ ತೆಳುಪದರವನ್ನು ಪ್ರಾಣಿಗಳ ಚರ್ಮ ಎಲುಬುಗಳಿಂದ ಕುದಿಸಿ ತೆಗೆದ ಸರೇಸಿನಿಂದ ಅಂಟಿಸುತ್ತಿದ್ದರು. ಸಹ್ಯಾದ್ರಿಯ ಮಗ್ಗುಲ ಮಳೆಗಾಲದಲ್ಲಿ ಆ ಸರೇಸು ಮೆತ್ತಗಾಗುತ್ತದೆ, ಪದರ ಏಳುತ್ತದೆ. ಎದ್ದ ಸಂದಿಯಿಂದ ಗೆದ್ದಲು ಒಳಗೆ ನುಗ್ಗುತ್ತದೆ. ಸಾಗುವಾನಿಯ ತೈಲ ಗೆದ್ದಲಿಗೆ ಒಗ್ಗದು. ಪೇಠ, ಸುರಗಾಣೆಗಳ ಕಡೆಯ ಘಟ್ಟದ ಕಾಡು ನಾಸಿಕಕ್ಕೆ ಸಮೀಪವಿದ್ದುದರಿಂದಲೇ ಇಲ್ಲಿನ ವಾಡೆಗಳಲ್ಲಿ ಕಂಬ, ತೊಲೆ, ಬೋದಿಗೆ, ಅಟ್ಟ ಎಲ್ಲವೂ ಸಾಗುವಾನಿಯಾದವು. ಇದೇ ಜಿಲ್ಲೆಯ ಚಾಂದವಡದಲ್ಲಿ ಅಹಲ್ಯಾಬಾಯಿ ಹೋಳ್ಕರರ ರಂಗಮಹಲಿನ ಮರಗೆಲಸವನ್ನು ಕಂಡವರು ಈ ಸಂಪ್ರದಾಯದ ವೈಭವವನ್ನು ಬಲ್ಲರು. ಗೂಡು ಕೊಳೆತಾಗ ಗಡಿಯಾರದ ಯಜಮಾನನು ಮನೆಯ ಬಡಗಿಯನ್ನೇ ಕರೆದನು. ಆತ ತನಗೆ ಬರುವುದನ್ನು ಮಾಡಿದನು: ಒಂದು ಪುಟ್ಟ ವಾಡೆಯನ್ನು ಕಟ್ಟಿದನು. ಹಿಂಬದಿಯ ಹಲಗೆಯೊಂದರಲ್ಲಿ ಕತ್ತರಿಸಿಹೋದ ಅರ್ಧ ಕಮಲವಿದೆ, ಯಾವುದೋ ಹಳೆಯ ಬಾಗಿಲುವಾಡದ್ದು. ಎಲ್ಲಿಯೂ ಕಬ್ಬಿಣದ ಮೊಳೆಯಿಲ್ಲ. ಕುಳಿಗೆ ಕುಳಿತ ನಾಲಗೆ, ಅದಕ್ಕೆ ಹೊಡೆದ ಬಿದಿರಿನ ಬೆಣೆ. ಸರೇಸನ್ನು ಆತ ನಂಬಲಿಲ್ಲ.

ಅದೇ ದಿವಾಣಖಾನೆಯಲ್ಲಿ ಮುಂಬಯಿಯ ಕರಿಮರದ ಕೆತ್ತನೆಯ ಪೀಠೋಪಕರಣಗಳೂ ಇವೆ, 19ನೆಯ ಶತಮಾನದಲ್ಲಿ ಸಿರಿವಂತರ ಮನೆಗಳನ್ನೆಲ್ಲ ತುಂಬಿದ ಬಗೆಯವು. ಮರ ಪಶ್ಚಿಮಘಟ್ಟದ ಬೀಟೆ, ಆದ್ದರಿಂದ ನನಗೆ ಅದರಲ್ಲಿ ಬಂಧುಭಾವ; ಕೆತ್ತನೆಯಲ್ಲಿ ಮಾತ್ರ ಇಲ್ಲ. ಬಳ್ಳಿ, ಹಕ್ಕಿ, ದ್ರಾಕ್ಷಿಗೊಂಚಲುಗಳನ್ನು ಬೆನ್ನು ಒರಗುವ ಸ್ಥಳದಲ್ಲಿಯೇ ಕೊರೆದ ಶಿಲ್ಪಿಗೆ, ಕುರ್ಚಿಯ ಮೇಲೆ ಮನುಷ್ಯರು ಕೂಡುವರೆಂಬ ಸಂಗತಿಯನ್ನು ಯಾರೂ ತಿಳಿಸಿರಲಿಲ್ಲವೆಂದು ತೋರುತ್ತದೆ.

ಸಂಭಾಜಿನಗರಕ್ಕೆ ಹೋದ ಕನ್ನಡಿಗನು ಎಲ್ಲೋರಕ್ಕೆ ಹೋಗದೆ ಬಾರನು, ಹೋದವನು ನಮ್ಮ ರಾಷ್ಟ್ರಕೂಟರ ಕೃಷ್ಣನ ಕೈಲಾಸವನ್ನು ಹೊಗಳದೆ ಇರನು. ಅದನ್ನು ಹೊಗಳಿದವರು ಅನೇಕರಿರುವುದರಿಂದ ನಾನು ಹತ್ತನೆಯ ಗುಹೆಯಲ್ಲಿ ಹೆಚ್ಚು ಹೊತ್ತು ಕಳೆದೆನು. ಗ್ರಂಥಗಳಲ್ಲಿ ಅದು ವಿಶ್ವಕರ್ಮ ಗುಹೆ, ಜನರ ಬಾಯಲ್ಲಿ ಸುತಾರನ ಝೋಪಡಿ, ಎಂದರೆ ಬಡಗಿಯ ಗುಡಿಸಲು. ಬೌದ್ಧರ ಈ ಚೈತ್ಯದ ಕಮಾನಿನ ಮಾಳಿಗೆಯಲ್ಲಿ, ಮರದ ಮನೆಗೆ ಬೇಕಾದ ಪಕ್ಕೆಲುಬಿನಂಥ ಬಾಗಿದ ತೊಲೆಗಳನ್ನು ಒಂದೂ ಬಿಡದೆ ಕಲ್ಲಿನಲ್ಲಿ ಕೊರೆದಿದ್ದಾರೆ. ಅವು ಯಾವ ಭಾರವನ್ನೂ ಹೊರುವುದಿಲ್ಲ. ಬೆಟ್ಟವೇ ಮಾಳಿಗೆಯಾದಲ್ಲಿ ತೊಲೆಗೇನು ಕೆಲಸ? ಕಾರ್ಲೆಯಲ್ಲಿ ನಿಜವಾದ ಮರದ ಪಕ್ಕೆಗಳನ್ನೇ ಗುಹೆಯ ಮಾಳಿಗೆಗೆ ಜೋಡಿಸಿದ್ದು, ಎರಡು ಸಹಸ್ರ ವರ್ಷಗಳ ತರುವಾಯವೂ ಉಳಿದಿವೆ. ಶತಮಾನಗಳ ಅನಂತರ ಬಂದ ಎಲ್ಲೋರದ ಶಿಲ್ಪಿ ಮರವನ್ನು ಬಿಟ್ಟನು, ಮರಗೆಲಸದ ರೂಢಿಯನ್ನು ಬಿಡಲಿಲ್ಲ. ಬಡಗಿಗಳು ಇಲ್ಲಿಗೆ ಬಂದು ಆಸೀನನಾದ ಬುದ್ಧನನ್ನು ತಮ್ಮ ಕುಲದೇವನಾದ ವಿಶ್ವಕರ್ಮನೆಂದು ಪೂಜಿಸುವ ವಾಡಿಕೆಯನ್ನು ಹಿಂದಿನ ಪ್ರವಾಸಿಗಳು ಬರೆದಿಟ್ಟಿದ್ದಾರೆ. ಗಡಿಯಾರದ ಗೂಡಿಗೆ ಸುರು ಕಂಬಗಳನ್ನು ನಿಲ್ಲಿಸಿದ ನಾಸಿಕದ ಬಡಗಿಯ ಮನೋಧರ್ಮಕ್ಕೆ ಇದಕ್ಕಿಂತ ಉತ್ತಮ ವಂಶಾವಳಿ ಬೇಕಿಲ್ಲ. ಅವನ ಕಂಬಗಳೂ ಯಾವ ಭಾರವನ್ನೂ ಹೊರುವುದಿಲ್ಲ.

ಪ್ರಾಚೀನ ವಸ್ತುಗಳ ಸಂಗ್ರಾಹಕರಿಗೆ ಇದೆಲ್ಲ ಅಪಥ್ಯ. ಒಂದು ಗೂಡಿಗೆ ಇನ್ನೊಂದರ ಯಂತ್ರ ಸೇರಿದ ಗಡಿಯಾರವನ್ನು ಅವರು ಸಂಕರವೆಂದು ಬಗೆದು ಅರ್ಧಬೆಲೆಗೆ ಇಳಿಸುತ್ತಾರೆ. ಮುಂಬಯಿಯಿಂದ ಕಾಕಾ ಅವರಲ್ಲಿಗೆ ಬಂದ ವ್ಯಾಪಾರಿಯೊಬ್ಬರು ಯಂತ್ರಕ್ಕೂ ಮುಖಫಲಕಕ್ಕೂ ಒಳ್ಳೆಯ ಬೆಲೆ ಹೇಳಿ, ಗೂಡನ್ನು ಇಲ್ಲಿಯೇ ಇಟ್ಟುಕೊಳ್ಳಬಹುದೆಂದು ಔದಾರ್ಯ ತೋರಿದರಂತೆ. ಆ ಯಂತ್ರವನ್ನು ಇಂಗ್ಲೆಂಡಿಗೆ ಮರಳಿ ಒಯ್ದು ಶುದ್ಧವಾದ ಓಕ್ ಗೂಡಿನಲ್ಲಿಟ್ಟರೆ ದಿನಕ್ಕೆ ಎರಡು ನಿಮಿಷ ಮುಂದೋಡುವುದೆಂಬುದನ್ನು ಅವರಿಗೆ ಯಾರೂ ತಿಳಿಸಿದಂತಿಲ್ಲ. ಇಲ್ಲಿಂದ ಕೆಲವು ಹೆಜ್ಜೆಗಳಲ್ಲಿರುವ ನಾರೋಶಂಕರ ದೇವಾಲಯದಲ್ಲಿ, 1739ರಲ್ಲಿ ಮರಾಠರು ಪೋರ್ತುಗೀಸರಿಂದ ವಸಯಿಯನ್ನು ಗೆದ್ದ ನೆನಪಿನ ಮಹಾಘಂಟೆ ತೂಗುತ್ತಿದೆ. ನಾಸಿಕದ ಯಾವ ಭಕ್ತನೂ ಅದರ ಧ್ವನಿಯನ್ನು ಸಂಕರವೆಂದು ಹಳಿದುದನ್ನು ನಾನರಿಯೆ. ಹೈದರಾಬಾದಿನ ಸಾಲಾರ್ ಜಂಗ್ ಸಂಗ್ರಹಾಲಯದ ಗಡಿಯಾರದ ಮುಂದೆ ಗಂಟೆಗೊಮ್ಮೆ ನೆರೆಯುವ ಜನವೂ, ಮೈಸೂರಿನ ಜಗನ್ಮೋಹನ ಅರಮನೆಯ ಫ್ರೆಂಚ್ ಗಡಿಯಾರದ ಪುಟ್ಟ ಸಿಪಾಯಿಗಳಿಗಾಗಿ ಕಾಯುವ ಮಕ್ಕಳೂ ಅವುಗಳ ಪಾಸ್‌ಪೋರ್ಟನ್ನು ಕೇಳುವುದಿಲ್ಲ.

ಗೂಡಿಗೆ ಬೆಲೆಯಿಲ್ಲವೆಂಬ ಮಾತೂ ಪೂರ್ತಿ ನಿಜವಲ್ಲ. ನಾಸಿಕದ ವಾಡೆಗಳು ಪಾಲುಗಾರರ ಜಗಳದಿಂದಲೋ ಮಳೆಯಿಂದಲೋ ಕುಸಿದು, ಅವುಗಳ ಕಂಬ ಬಾಗಿಲುಗಳು ಲಾರಿಯೇರಿ ಮುಂಬಯಿಯ ಜೋಗೇಶ್ವರಿಯ ಹಳೆಯ ಮರದ ಸಾಮಾನಿನ ಪೇಟೆಯನ್ನು ಸೇರುತ್ತವೆ. ಬೋದಿಗೆ ಅಲ್ಲಿ ದೀಪದ ಕಾಲಾಗುತ್ತದೆ, ಬಾಗಿಲು ಗಾಜು ಹೊದ್ದು ಮೇಜಾಗುತ್ತದೆ. ಬಡಗಿಯ ಆ ಅರ್ಧ ಕಮಲಕ್ಕೂ ಗಿರಾಕಿಯಿರುವನು.

ಚಾಚಾ ಯಂತ್ರವನ್ನು ಬಿಚ್ಚಿದಾಗಲೆಲ್ಲ ಮುಖಫಲಕದ ಹಿಂದೆ ಸೂಜಿಯಿಂದ ಗೀಚಿಡುತ್ತಾರೆ. ಹಿಂದಿನ ರಿಪೇರಿಗಾರರ ಗೀಚುಗಳೂ ಅಲ್ಲಿವೆ: ಒಂದು ಇಂಗ್ಲಿಷಿನಲ್ಲಿ, ಒಂದು ಮೋಡಿ ಲಿಪಿಯಲ್ಲಿ, ಉಳಿದವು ಉರ್ದುವಿನಲ್ಲಿ. ಏನು ಬರೆದಿದ್ದೀರೆಂದು ಕೇಳಿದೆನು. ತಿಂಗಳು, ಇಸವಿ, ನಟ್ಟು ಎಷ್ಟು ಸುತ್ತು ಎಂಬುದು. "ಹೆಸರು ಬರೆಯಲಿಲ್ಲವೇ?" ಎಂದರೆ, ಕೆಲಸ ಕೆಟ್ಟರೆ ಮುಂದಿನವನು ಬೈಯಲು ಹೆಸರು ಸಿಗಬಾರದೆಂದು ನಕ್ಕು, ಲೋಲಕದ ಮೇಲಿನ ತುದಿಯ ಉಕ್ಕಿನ ಪಟ್ಟಿ ಸವೆದಿದೆ, ಈ ಮಳೆಗಾಲಕ್ಕೆ ಮುಂಚೆ ಅದನ್ನು ಬದಲಿಸಬೇಕೆಂದು ಕಾಕಾ ಅವರಿಗೆ ಹೇಳಿಬಿಡಿ ಎಂದರು.