ಮೊಂತಿ ಹಬ್ಬದ ತೆನೆ

ಸೆಪ್ಟೆಂಬರ್ 8, ಮಾತೆ ಮರಿಯಮ್ಮನ ಜನ್ಮದಿನ. ಕರಾವಳಿಯ ಕೊಂಕಣಿ ಕ್ರೈಸ್ತರಿಗೆ ಅಂದು ಮೊಂತಿ ಹಬ್ಬ, ತೆನೆ ಹಬ್ಬ.

ಆಗಸ್ಟ್ 30ರಿಂದಲೇ ಮಕ್ಕಳು ಬುಟ್ಟಿಯಲ್ಲಿ ಹೂವು ಹಿಡಿದು ಚರ್ಚಿಗೆ ಬರುತ್ತಾರೆ. ಒಂಬತ್ತು ದಿನ ಬಾಲ ಮರಿಯಮ್ಮನಿಗೆ ಹೂವಿನ ಸುರಿಮಳೆ. ದಾಸವಾಳವೋ ಗೊಂಡೆಯೋ, ಅಂಗಳದಲ್ಲಿ ಅರಳಿದ್ದು ಯಾವುದಾದರೂ ಸೈ.

ಹಬ್ಬದ ದಿನ ಹೊಸ ಭತ್ತದ ತೆನೆಗಳನ್ನು ಪಾದ್ರಿಗಳು ಆಶೀರ್ವದಿಸುತ್ತಾರೆ, ಮನೆಮನೆಗೂ ಹಂಚುತ್ತಾರೆ. ಮನೆಯಲ್ಲಿ ಕಾಳು ಸುಲಿದು, ಪುಡಿ ಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸುತ್ತಾರೆ. ಪ್ರಾರ್ಥನೆ ಮುಗಿಸಿ ಎಲ್ಲರೂ ಒಟ್ಟಿಗೆ ಅದನ್ನು ಸೇವಿಸಿದ ಮೇಲೆಯೇ ಊಟ. ಅಂದು ಮೀನು, ಮಾಂಸ ಇಲ್ಲ. ಬಾಳೆಲೆಯ ಮೇಲೆ ಬೆಂಡೆ, ಹೀರೆ, ಹರಿವೆ, ಕೆಸು. ವಿದೇಶದಲ್ಲಿರುವ ಮಕ್ಕಳಿಗೂ ನಾಲ್ಕು ಕಾಳು ಲಕೋಟೆಯಲ್ಲಿ ಹೋಗುತ್ತದೆ. ದೂರ ಇದ್ದಾರೆಂದು ಪಾಲು ತಪ್ಪುವುದಿಲ್ಲ.

ಈ ಹಬ್ಬ ನನಗೆ ಇಷ್ಟವಾಗುವುದು ಇದಕ್ಕೇ. ದೇವರಿಗೆ ಕೃತಜ್ಞತೆ ಸಲ್ಲಿಸಲು ಇಲ್ಲಿ ಗದ್ದೆ ಬೇಕು, ಮನೆಮಂದಿ ಬೇಕು, ಊರೂ ಬೇಕು. ತುಳುನಾಡಿನ ಹಿಂದೂ ಮನೆಗಳಲ್ಲೂ ಹೊಸ ಅಕ್ಕಿ ಊಟ ಉಂಟಲ್ಲ, ಅದೇ ಮಣ್ಣಿನ ನಂಟು.

ಈಗ ಗದ್ದೆಗಳೇ ಕಡಿಮೆಯಾಗುತ್ತಿವೆ. ನಿಮ್ಮ ಚರ್ಚಿನ ಆಸುಪಾಸಿನಲ್ಲಿ ಹಡಿಲು ಬಿದ್ದ ಗದ್ದೆ ಇದ್ದರೆ, ಬರುವ ಮಳೆಗಾಲಕ್ಕೆ ಎಲ್ಲರೂ ಸೇರಿ ನಾಟಿ ಮಾಡಿ.