ಮನೆಯ ನೀರೂ ಎಳೆಯ ಮಕ್ಕಳೂ

ಬೆಳಗಾವಿಯ ಟಿಳಕವಾಡಿಯನ್ನು ದಾಟಿ ಖಾನಾಪುರದ ಹಾದಿಯನ್ನು ಹಿಡಿದರೆ ಉದ್ಯಮಬಾಗವು ಬರುವದು. ಎರಕದ ಕಾರಖಾನೆಗಳಿಗೆ ಹೆಸರಾದ ಈ ಭಾಗದ ಸುತ್ತಲೂ ಈಗ ಅನೇಕ ಹೊಸ ಮನೆಗಳು ಎದ್ದಿವೆ. ಅವುಗಳಲ್ಲಿ ಈಜುಕೊಳವುಳ್ಳವು ವಿರಳ. ಆದರೆ ನಳದ ನೀರನ್ನು ಕೂಡಿಡುವ ನೆಲದಡಿಯ ಟಾಕಿಯು ಸಾಮಾನ್ಯವಾಗಿದೆ. ಶ್ರೀಮಂತರ ಕೊಳಕ್ಕೆ ವಿಧಿಸಿದ ಕಟ್ಟುಪಾಡುಗಳೆಲ್ಲ ಬಡವರ ಟಾಕಿಗೂ ಸಲ್ಲುವವೆಂಬದನ್ನು ನಾವು ಮೊದಲೇ ಹೇಳಿಬಿಡುತ್ತೇವೆ.

ನಮ್ಮ ಹಿರಿಯರು ಬಾವಿಗೆ ಕಟ್ಟೆಯನ್ನು ಕಟ್ಟುತ್ತಿದ್ದರು. ಬಾವಿಯು ತನ್ನ ಆಳವನ್ನು ಮುಚ್ಚಿಡುವದಿಲ್ಲ. ನೋಡಿದವರು ಅಂಜಿ ದೂರ ಸರಿಯುವರು. ಟಾಕಿಯಾದರೋ ಅಂಗಳದ ಹಾಸುಗಲ್ಲಿಗೆ ಸಮನಾಗಿರುವದು. ನೀರು ಬಂದ ದಿನ ಮುಚ್ಚಳವನ್ನು ತೆಗೆದು, ತುಂಬಿತೋ ಇಲ್ಲವೋ ಎಂದು ಬಗ್ಗಿ ನೋಡಿ, ಮುಚ್ಚಲು ಮರೆತು ಒಳಗೆ ಹೋಗುವದು ನಮ್ಮೆಲ್ಲರ ರೂಢಿ. ತುಕ್ಕು ಹಿಡಿದ ತಗಡಿನ ಮುಚ್ಚಳವಂತೂ ತೆರೆದ ಬಾಯಿಗಿಂತಲೂ ಕೆಟ್ಟದ್ದು.

ನೀರಿಗೆ ಬಿದ್ದ ಕೂಸು ಕೂಗಿಕೊಳ್ಳುವದೆಂದು ತಿಳಿಯುವದು ದೊಡ್ಡ ತಪ್ಪು. ಬಾಯಿಯು ನೀರಿನಲ್ಲಿರುವಾಗ ಕೂಗು ಎಲ್ಲಿಂದ ಬರಬೇಕು? ಎಳೆಯ ಮಗುವಿನ ತಲೆಯು ಮೈಯ ಅಳತೆಗೆ ಭಾರವಾದುದರಿಂದ, ಅದು ಬಕೀಟಿನೊಳಗೆ ಬಗ್ಗಿ ಬಿದ್ದರೂ ತಾನಾಗಿ ಏಳಲಾರದು. ಕೆಲವೇ ಅಂಗುಲ ನೀರು ಸಾಕು. ವಿಶ್ವ ಆರೋಗ್ಯ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ವರದಿಯಂತೆ, 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನರು ಮುಳುಗಿ ಮಡಿದರು. ಅವರಲ್ಲಿ ಹೆಚ್ಚುಕಡಿಮೆ ಕಾಲು ಪಾಲು ಐದು ವರ್ಷ ತುಂಬದ ಮಕ್ಕಳು.

ಇಂಥ ಅನಾಹುತವಾದಾಗ ಜನರು ತಾಯಿಯನ್ನು ದೂರುವರು. ಇದು ನಮಗೆ ಒಪ್ಪಿಗೆಯಿಲ್ಲ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ನಡೆದ ಶೋಧನೆಯಿಂದ ಕಂಡುಬಂದದ್ದೇನಂದರೆ, ಈ ಮರಣಗಳು ಬಹುಮಟ್ಟಿಗೆ ಮುಂಜಾನೆ 9ರಿಂದ ಮಧ್ಯಾಹ್ನ 1 ಗಂಟೆಯೊಳಗೆ, ತಾಯಿಯು ಮನೆಗೆಲಸದಲ್ಲಿರುವಾಗ, ಮನೆಯ ಹತ್ತಿರದಲ್ಲಿಯೇ ಆಗುತ್ತವೆ. ಆ ಹೊತ್ತಿನಲ್ಲಿ ಮಕ್ಕಳನ್ನು ಶಿಶುವಿಹಾರಗಳಲ್ಲಿ ಇರಿಸಲು, ಮರಣಗಳು ಬಹಳ ಕಡಿಮೆಯಾದವು. ಅಡುಗೆ, ಅರಿವೆ, ಅತಿಥಿ ಇವೆಲ್ಲವುಗಳ ನಡುವೆ ಎರಡು ಕಣ್ಣುಗಳು ಇಡೀ ದಿನ ಕಾಯಲಾರವು. ಕಣ್ಣು ತಪ್ಪಿದ ಗಳಿಗೆಯಲ್ಲಿಯೂ ಕಾಯುವಂಥದು ಬೇಲಿ ಮತ್ತು ಬೀಗ.

ಕೊಳವಿದ್ದವರು ಅದರ ನಾಲ್ಕೂ ಮಗ್ಗಲಿಗೆ ಕನಿಷ್ಠ 4 ಅಡಿ ಎತ್ತರದ ಬೇಲಿಯನ್ನು ಹಾಕಿಸತಕ್ಕದ್ದು. ಮೂರು ಮಗ್ಗಲು ಬೇಲಿ, ನಾಲ್ಕನೆಯದು ಮನೆಯ ಗೋಡೆ ಎಂಬದು ಸಾಲದು; ಮಗುವು ಬರುವದು ಮನೆಯ ಬಾಗಿಲಿನಿಂದಲೇ ಅಲ್ಲವೇ? ಸರಳುಗಳ ನಡುವಿನ ಸಂದು 4 ಅಂಗುಲವನ್ನು ಮೀರಬಾರದು. ಬಾಗಿಲು ತಾನಾಗಿ ಮುಚ್ಚಿ ಚಿಲುಕ ಬೀಳುವಂತಿರಬೇಕು. ಆ ಚಿಲುಕವು ಮಗುವಿನ ಕೈಗೆ ನಿಲುಕಬಾರದು. ಬೇಲಿಯ ಬದಿಗೆ ಕುರ್ಚಿಯನ್ನೂ ನೀರಿನಲ್ಲಿ ಆಟಿಗೆಯನ್ನೂ ಬಿಡಕೂಡದು. ಟಾಕಿಗೆ ಭಾರ ತಾಳುವ ಮುಚ್ಚಳ, ಅದಕ್ಕೆ ಬೀಗ. ಬಕೀಟು ಹಂಡೆಗಳನ್ನು ಕೆಲಸವಾದೊಡನೆ ಬರಿದು ಮಾಡಿ ಬೋರಲು ಹಾಕುವದು. ಖಾನಾಪುರದ ಕಡೆಯವರು ಮಣ್ಣು ತೆಗೆದ ಗುಂಡಿಗಳನ್ನು ಮಳೆಗಾಲಕ್ಕೆ ಮುಂಚೆಯೇ ಮುಚ್ಚಿಸಲಿ.

ಮದುವೆ ಮುಂಜಿಗಳಲ್ಲಿ ಹತ್ತು ಜನ ಹಿರಿಯರಿದ್ದಾಗಲೇ ಭಯ ಹೆಚ್ಚು. ಪ್ರತಿಯೊಬ್ಬರೂ ಮತ್ತೊಬ್ಬರು ನೋಡುತ್ತಿದ್ದಾರೆಂದು ಬಗೆಯುವರು. ಆದುದರಿಂದ ಒಬ್ಬರನ್ನೇ ಹೆಸರು ಹೇಳಿ ನೇಮಿಸಿರಿ. ಅವರ ಕೈಯಲ್ಲಿ ಫೋನು ಬೇಡ. ಚಿಕ್ಕ ಮಗು ನೀರಿನಲ್ಲಿದ್ದರೆ ಹಿರಿಯರು ಕೈಯಳತೆಯಲ್ಲಿ ಇರತಕ್ಕದ್ದು. ಗಾಳಿ ತುಂಬಿದ ತೋಳುಪಟ್ಟಿ ಆಟದ ವಸ್ತು, ಆಸರೆಯಲ್ಲ. ಉದ್ದ ಜಡೆಯ ಹುಡುಗಿಯರ ತಾಯಂದಿರು ಇನ್ನೊಂದನ್ನು ನೆನಪಿಡಬೇಕು: ಕೊಳದ ತಳದಲ್ಲಿ ನೀರು ಹೀರುವ ರಂಧ್ರಕ್ಕೆ ಜಾಲರಿಯು ಒಡೆದಿದ್ದರೆ, ಕೂದಲು ಸಿಕ್ಕಿ ಮಗುವು ಮೇಲೇಳಲಾರದು. ಈಜನ್ನು ಅವಶ್ಯವಾಗಿ ಕಲಿಸಿರಿ. ಕಲಿತಳೆಂದು ಬೇಲಿಯನ್ನು ಮಾತ್ರ ತೆಗೆಯಬೇಡಿರಿ.

ಮಗು ಕಾಣದಿದ್ದರೆ ಅಟ್ಟ, ಕೋಣೆ, ನೆರೆಮನೆಗಳಿಗಿಂತ ಮೊದಲು ನೀರನ್ನು ನೋಡಿರಿ. ಮೇಲೆತ್ತಿದ ಮಗುವನ್ನು ತಲೆಕೆಳಗಾಗಿ ಹಿಡಿದು ತಿರುಗಿಸುವದು, ಹೊಟ್ಟೆಯನ್ನು ಒತ್ತಿ ನೀರು ತೆಗೆಯುವದು ಹಳೆಯ ರೂಢಿಗಳು; ಅವುಗಳಿಂದ ಹೊತ್ತು ಹೋಗುವದಲ್ಲದೆ ಕೇಡೂ ಆಗುವದು. ಒಬ್ಬರು 108ಕ್ಕೆ ಕರೆ ಮಾಡಲಿ. ಉಸಿರಿಲ್ಲದಿದ್ದರೆ ಮಗುವನ್ನು ಅಂಗಾತ ಮಲಗಿಸಿ, ಗದ್ದವನ್ನು ಎತ್ತಿ, ಮೊದಲು ಬಾಯಿಯಿಂದ ಉಸಿರನ್ನು ಊದಿರಿ. ಬಳಿಕ ಎದೆಯ ನಡುವೆ 30 ಸಲ ಒತ್ತುವದು, 2 ಸಲ ಊದುವದು, ಹೀಗೆಯೇ ನೆರವು ಬರುವ ತನಕ. ಇದನ್ನು ಬಲ್ಲವರಿಂದ ಮುಂಚೆಯೇ ಕಲಿತಿರಬೇಕು. ಮಗು ಅತ್ತು ಚೇತರಿಸಿಕೊಂಡರೂ ಆಸ್ಪತ್ರೆಗೆ ಒಯ್ಯುವದನ್ನು ತಪ್ಪಿಸಬಾರದು. ನೀರು ಹೊಕ್ಕ ಪುಪ್ಪುಸವು ಕೆಲವು ತಾಸುಗಳ ಮೇಲೆ ಕೆಡುವದುಂಟು.