ರಣಜಿ ಕಪ್‌ನ ದಾರಿ ಜಾವಗಲ್ ಮೇಲೆ ಹೋಗಲಿ

ನಮ್ಮ ಕಡೆ ಕಾಫಿ ಕೊಯ್ಲೂ ರಣಜಿ ಟ್ರೋಫಿಯೂ ಜೊತೆಜೊತೆಗೇ ನಡೆಯುತ್ತವೆ. ಹಾಸನ ಜಿಲ್ಲೆಯ ಅರೇಹಳ್ಳಿ ಸುತ್ತಲಿನ ತೋಟಗಳಲ್ಲಿ ಹಣ್ಣು ಕೆಂಪಾಗಿ, ಆಳುಗಳು ಬಂದು, ಕಣದಲ್ಲಿ ಕಾಫಿ ಒಣಗುವ ಹೊತ್ತಿಗೆ ಕರ್ನಾಟಕ ತಂಡದ ಆ ವರ್ಷದ ಹಣೆಬರಹವೂ ತೀರ್ಮಾನವಾಗಿರುತ್ತದೆ. ಚೀಲ ತೂಗುವ ಕಡೆ, ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ, ಬೇಲೂರಿಗೆ ಹೊರಟ ಜೀಪಿನಲ್ಲಿ ಮೊಬೈಲು ಹಿಡಿದವರು ಸ್ಕೋರು ನೋಡಿ ಒಂದೇ ವಿಷಯಕ್ಕೆ ಜಗಳ ಕಾಯುತ್ತಾರೆ: ಈ ತಂಡವನ್ನು ಮತ್ತೆ ಕಟ್ಟುವುದು ಹೇಗೆ?

ಎಂಟು ಸಲ ರಣಜಿ ಗೆದ್ದ ತಂಡ ನಮ್ಮದು. 1973–74ರಲ್ಲಿ ಪ್ರಸನ್ನ ಅವರ ನಾಯಕತ್ವದಲ್ಲಿ, ಸತತ 15 ವರ್ಷ ಕಪ್ ಬಿಟ್ಟುಕೊಡದಿದ್ದ ಬಾಂಬೆಯನ್ನು ಸೆಮಿಫೈನಲ್‌ನಲ್ಲಿ ಮಣಿಸಿ ಮೊದಲ ಕಪ್ ತಂದ ತಂಡ. ಆದರೆ ಎಂಟನೆಯ ಕಪ್ ಬಂದದ್ದು 2015ರ ಮಾರ್ಚ್‌ನಲ್ಲಿ. ಆಗ ಒಂದನೇ ಕ್ಲಾಸಿಗೆ ಸೇರಿದ ಮಗು ಇವತ್ತು ಹೈಸ್ಕೂಲು ಮುಗಿಸಿದೆ. ಕರ್ನಾಟಕ ರಣಜಿ ಗೆದ್ದದ್ದನ್ನು ನೋಡಿದ ನೆನಪು ಆ ಮಗುವಿಗಿಲ್ಲ.

ಗೆಲ್ಲುವ ಹೊತ್ತಿಗೆ ಕೈ ಜಾರಿದ್ದು

ಕರ್ನಾಟಕ ಕೆಟ್ಟ ತಂಡವೇನಲ್ಲ. ಕೆಟ್ಟ ತಂಡವಾಗಿದ್ದರೆ ವಾದವೇ ಇರುತ್ತಿರಲಿಲ್ಲ. ಮತ್ತೆ ಮತ್ತೆ ಸೆಮಿಫೈನಲ್ ತನಕ ಹೋಗಿ ವಾಪಸ್ ಬಂದದ್ದೇ ಅಭಿಮಾನಿಯ ಸಂಕಟ.

2017ರ ಡಿಸೆಂಬರ್, ಕೋಲ್ಕತ್ತದ ಈಡನ್ ಗಾರ್ಡನ್ಸ್. ವಿದರ್ಭವನ್ನು 185ಕ್ಕೆ ಉರುಳಿಸಿ, 301 ರನ್ ಹೊಡೆದು, 116 ರನ್ ಮುನ್ನಡೆ ಪಡೆದಿದ್ದೆವು. ಎರಡನೇ ಇನಿಂಗ್ಸ್‌ನಲ್ಲಿ ವಿದರ್ಭ 313 ಮಾಡಿತು. ಗೆಲ್ಲಲು 198 ಬೇಕಿತ್ತು. ನಾಲ್ಕನೇ ದಿನ ಮುಗಿದಾಗ ಏಳು ವಿಕೆಟ್ ಹೋಗಿದ್ದವು. ಕೊನೆಯ ಬೆಳಿಗ್ಗೆ ವಿನಯ್ ಕುಮಾರ್, ಮಿಥುನ್, ಶ್ರೇಯಸ್ ಗೋಪಾಲ್ ಒಂದೊಂದೇ ರನ್ ಕೂಡಿಸುತ್ತ 192ರವರೆಗೆ ಎಳೆದು ತಂದರು. ಒಂದು ತುದಿಯಲ್ಲಿ ಶ್ರೇಯಸ್ ಔಟಾಗದೆ ಉಳಿದಿದ್ದರು. ಇನ್ನೊಂದು ತುದಿಯಲ್ಲಿ ರಜನೀಶ್ ಗುರ್ಬಾನಿ ಕೊನೆಯ ವಿಕೆಟ್ ಕಿತ್ತರು. ಐದು ರನ್ನಿನ ಸೋಲು. ವಿದರ್ಭ ಅದೇ ವರ್ಷ ಮೊದಲ ಸಲ ಚಾಂಪಿಯನ್ ಆಯಿತು.

ಮರುವರ್ಷ ಚಿನ್ನಸ್ವಾಮಿಯಲ್ಲೇ ಸೆಮಿಫೈನಲ್. ಸೌರಾಷ್ಟ್ರದ ಮುಂದೆ 279ರ ಗುರಿ ಇಟ್ಟೆವು. ಪೂಜಾರ ಅಜೇಯ 131 ಹೊಡೆದು ಗೆಲ್ಲಿಸಿಕೊಂಡು ಹೋದರು. 2020ರಲ್ಲಿ ಬಂಗಾಳದೆದುರು 174 ರನ್ನುಗಳ ಸೋಲು. 2023ರಲ್ಲಿ ಮತ್ತೆ ಚಿನ್ನಸ್ವಾಮಿ, ಮತ್ತೆ ಸೌರಾಷ್ಟ್ರ. ಮಯಂಕ್ ಅಗರ್ವಾಲ್ 249 ಹೊಡೆದು ತಂಡವನ್ನು 407ಕ್ಕೆ ಮುಟ್ಟಿಸಿದರು. ಎದುರಾಳಿ 527 ಹೊಡೆದು ಆ ಶ್ರಮವನ್ನೆಲ್ಲ ನುಂಗಿಹಾಕಿತು. 2024ರಲ್ಲಿ ಕ್ವಾರ್ಟರ್ ಫೈನಲ್‌ಗೇ ಆಟ ಮುಗಿಯಿತು. 2024–25ರಲ್ಲಿ ನಾಕೌಟ್ ಹಂತಕ್ಕೂ ಹೋಗಲಿಲ್ಲ. ನಮ್ಮ ಗುಂಪಿನಿಂದ ಹರಿಯಾಣ ಮತ್ತು ಕೇರಳ ಮುಂದೆ ಹೋದವು.

ಈ ಸೋಲುಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಎದುರಾಳಿ ಕಾಲೂರಿ ನಿಂತಾಗ ಅವನನ್ನು ಕೀಳುವ ಬೌಲಿಂಗ್ ಬೇಕಾದ ಹೊತ್ತಿಗೆ ಸಿಕ್ಕಿಲ್ಲ. ಕಪ್ ಗೆದ್ದ ವರ್ಷ ಹಾಗಿರಲಿಲ್ಲ. 2014–15ರ ಸೆಮಿಫೈನಲ್‌ನಲ್ಲಿ ವಿನಯ್ 20 ರನ್ನಿಗೆ 6 ವಿಕೆಟ್ ಕಿತ್ತು ಮುಂಬೈಯನ್ನು 44ಕ್ಕೆ ಮುಗಿಸಿದ್ದರು. ವಾಂಖೆಡೆಯ ಫೈನಲ್‌ನಲ್ಲಿ ತಮಿಳುನಾಡು 134ಕ್ಕೆ ಬಿದ್ದದ್ದರಿಂದಲೇ ಕರುಣ್ ನಾಯರ್ ಅವರ 328ಕ್ಕೆ ಅಷ್ಟು ಬೆಲೆ ಬಂತು.

ಮೂರು ಪಕ್ಷ, ಮೂರು ವಾದ

ಅಭಿಮಾನಿಗಳಲ್ಲಿ ಸದ್ಯ ಮೂರು ಪಕ್ಷಗಳಿವೆ.

ಮೊದಲನೆಯವರು ಹಿರಿಯರನ್ನು ಉಳಿಸಿಕೊಳ್ಳಿ ಎನ್ನುವವರು. ಅವರ ಕೈಯಲ್ಲಿ ಬಲವಾದ ಸಾಕ್ಷಿ ಇದೆ. ವಿನಯ್ ಕುಮಾರ್ 2019ರಲ್ಲಿ ಪುದುಚೇರಿಗೆ ಹೋದರು. ಶ್ರೇಯಸ್ ಗೋಪಾಲ್ ಕೇರಳಕ್ಕೆ ಹೋಗಿ ಬಂದರು. ಕರುಣ್ ನಾಯರ್ 2023ರಲ್ಲಿ ವಿದರ್ಭ ಸೇರಿದರು; 2024–25ರ ರಣಜಿಯಲ್ಲಿ ಅಲ್ಲಿ 863 ರನ್ ಹೊಡೆದು, ಫೈನಲ್‌ನಲ್ಲೂ ಶತಕ ಬಾರಿಸಿ, ಕಪ್ ಎತ್ತಿಕೊಂಡೇ ತವರಿಗೆ ಮರಳಿದರು. ನಮಗೆ ಬೇಡವಾದವರು ಬೇರೆಯವರಿಗೆ ಕಪ್ ಗೆದ್ದುಕೊಟ್ಟರಲ್ಲ ಎಂಬ ಈ ಪಕ್ಷದ ನೋವು ನಿಜವಾದದ್ದು.

ಎರಡನೆಯವರು ಹೊಸಬರಿಗೆ ಜಾಗ ಬಿಡಿ ಎನ್ನುವವರು. 2025ರ ಜನವರಿಯಲ್ಲಿ ಸ್ಮರಣ್ ರವಿಚಂದ್ರನ್ ವಿಜಯ್ ಹಜಾರೆ ಫೈನಲ್‌ನಲ್ಲಿ ಶತಕ ಹೊಡೆದು ಕಪ್ ಗೆಲ್ಲಿಸಿದರು; ಅದೇ ತಿಂಗಳು ರಣಜಿಯಲ್ಲಿ ಪಂಜಾಬ್ ವಿರುದ್ಧ 203 ಹೊಡೆದರು. ಹೊಸ ಹುಡುಗನಿಗೆ ಸತತವಾಗಿ ಅವಕಾಶ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ ಎಂಬುದು ಇವರ ಮಾತು.

ಮೂರನೆಯವರು ಹೊರಗಿನಿಂದ ಒಬ್ಬ ವೇಗಿಯನ್ನು ಕರೆತನ್ನಿ ಎನ್ನುತ್ತಾರೆ. ವಿದರ್ಭ ಬ್ಯಾಟ್ಸ್‌ಮನ್ ವಸೀಂ ಜಾಫರ್ ಅವರನ್ನು ಕರೆತಂದಿತಲ್ಲ, ನಮಗೇಕೆ ಬೇಡ ಎನ್ನುತ್ತಾರೆ.

ಕಾಫಿ ಬೆಳೆಗಾರರಿಗೆ ಈ ವಾದ ಹೊಸದಲ್ಲ. ಇಳುವರಿ ಕುಸಿದ ಪಟ್ಟೆಯಲ್ಲಿ ಹಳೆ ಗಿಡ ಕಸಿ ಮಾಡಿ ಉಳಿಸಿಕೊಳ್ಳುವುದೋ, ಕಿತ್ತು ಹೊಸದು ನೆಡುವುದೋ ಎಂದು ಪ್ರತಿ ಮನೆಯಲ್ಲೂ ಚರ್ಚೆ ನಡೆದಿದೆ. ಹಳೆಯದನ್ನು ಇವತ್ತು ಉಳಿಸಿಕೊಂಡರೂ ಮುಂದೊಂದು ದಿನ ನೆಡಲು ನರ್ಸರಿಯಲ್ಲಿ ಸಸಿ ಇರಲೇಬೇಕು. ನೆಟ್ಟ ಮೇಲೂ ಮೂರು ನಾಲ್ಕು ವರ್ಷ ಕಾಯಬೇಕು. ಆದರೆ ನಮ್ಮ ಕ್ರಿಕೆಟ್ ವಾದದಲ್ಲಿ ಹನ್ನೊಂದು ಹೆಸರುಗಳದ್ದೇ ಮಾತಾಯಿತು. ಅವರ ಹಿಂದೆ ಬರಬೇಕಾದ ಹುಡುಗರು ಎಲ್ಲಿ ತಯಾರಾಗುತ್ತಿದ್ದಾರೆ ಎಂದು ಕೇಳುವವರು ಕಡಿಮೆ.

ಆರ್‌ಸಿಬಿ ಕಲಿಸಿದ ಪಾಠ

ತಂಡ ಕಟ್ಟುವ ಚರ್ಚೆ ಕನ್ನಡಿಗರಿಗೆ ಅಭ್ಯಾಸವಾದದ್ದೇ ಆರ್‌ಸಿಬಿಯಿಂದ. ಗೇಲ್, ಕೊಹ್ಲಿ, ಡಿ ವಿಲಿಯರ್ಸ್ ಒಟ್ಟಿಗಿದ್ದ ಕಾಲದಲ್ಲೂ 2016ರ ಫೈನಲ್ ಸೋತೆವು. 2017ರಲ್ಲಿ ಮತ್ತು 2019ರಲ್ಲಿ ಕೊನೆಯ ಸ್ಥಾನಕ್ಕೆ ಬಿದ್ದೆವು. ಬ್ಯಾಟಿಂಗ್‌ಗೆ ಕೋಟಿಗಳನ್ನು ಸುರಿದು ಕೊನೆಯ ಓವರುಗಳ ಬೌಲಿಂಗ್ ಅನ್ನು ದೇವರಿಗೆ ಬಿಟ್ಟಿದ್ದಾರೆ ಎಂದು ಹಳ್ಳಿಯ ಹುಡುಗರು ವರ್ಷಗಟ್ಟಲೆ ಹೇಳಿದರು. 2024ರ ನವೆಂಬರ್‌ನಲ್ಲಿ ಜಿದ್ದಾದಲ್ಲಿ ನಡೆದ ಹರಾಜಿನಲ್ಲಿ ತಂಡ ಹೇಜಲ್‌ವುಡ್, ಭುವನೇಶ್ವರ್, ಕೃಣಾಲ್ ಪಾಂಡ್ಯ ಅವರನ್ನು ಕೊಂಡಿತು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬನ್ನು ಆರು ರನ್ನುಗಳಿಂದ ಸೋಲಿಸಿದಾಗ ಫೈನಲ್‌ನ ಶ್ರೇಷ್ಠ ಆಟಗಾರ ಕೃಣಾಲ್. 4 ಓವರ್, 17 ರನ್, 2 ವಿಕೆಟ್. 18 ವರ್ಷ ಹಳ್ಳಿಹಳ್ಳಿಯಲ್ಲಿ ನಡೆದ ವಾದದಲ್ಲಿ ಹುರುಳಿತ್ತು. ಮರುದಿನ ಚಿನ್ನಸ್ವಾಮಿಯ ಹೊರಗೆ ಕಾಲ್ತುಳಿತದಲ್ಲಿ 11 ಜನ ಅಭಿಮಾನಿಗಳು ಪ್ರಾಣ ಕಳೆದುಕೊಂಡರು. ಆಟವನ್ನು ಪ್ರೀತಿಸಿದವರ ಜೀವಕ್ಕೆ ಯಾವ ಕಪ್ಪೂ ಸಮವಲ್ಲ. ಆ ಸಂತೋಷದ ಜೊತೆ ಈ ದುಃಖವನ್ನೂ ನಾವು ಹೊತ್ತಿದ್ದೇವೆ.

ಆರ್‌ಸಿಬಿಗೆ ಬೌಲರುಗಳನ್ನು ಹರಾಜಿನಲ್ಲಿ ಕೊಳ್ಳಲು ಬಂತು. ಕರ್ನಾಟಕ ತಂಡ ತನ್ನ ಬೌಲರುಗಳನ್ನು ನೆಲದಿಂದ ಬೆಳೆಸಿಕೊಳ್ಳಬೇಕು.

ಆ ನೆಲ ಎಲ್ಲಿದೆ?

ಅರೇಹಳ್ಳಿಯಿಂದ ಬೇಲೂರಿಗೆ ಬಂದು ಹಳೇಬೀಡು ದಾಟಿದರೆ ಕಾಫಿ ತೋಟ ಮುಗಿದು ರಾಗಿ ಹೊಲ, ತೆಂಗು ಶುರುವಾಗುತ್ತವೆ. ಅದೇ ರಸ್ತೆಯಲ್ಲಿ ಮುಂದೆ ಜಾವಗಲ್, ಆಮೇಲೆ ಬಾಣಾವರ, ಅರಸೀಕೆರೆ. ಜಾವಗಲ್ ಶ್ರೀನಾಥ್ ಅವರ ಹೆಸರಿನಲ್ಲಿ ಇರುವುದು ಈ ಊರು. 67 ಟೆಸ್ಟ್‌ಗಳಲ್ಲಿ 236 ವಿಕೆಟ್, ಏಕದಿನ ಪಂದ್ಯಗಳಲ್ಲಿ 315. ಅರಸೀಕೆರೆ ಡೇವಿಡ್ ಜಾನ್ಸನ್ ಹುಟ್ಟಿದ ಊರು. 1996ರ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ ಆಸ್ಟ್ರೇಲಿಯಾ ವಿರುದ್ಧ ಜಾನ್ಸನ್ ಮೊದಲ ಟೆಸ್ಟ್ ಆಡಿದರು. ಅದೇ ಡಿಸೆಂಬರ್‌ನಲ್ಲಿ ಡರ್ಬನ್‌ನಲ್ಲಿ ಶ್ರೀನಾಥ್, ವೆಂಕಟೇಶ್ ಪ್ರಸಾದ್, ಜಾನ್ಸನ್ ಮೂವರೂ ಭಾರತಕ್ಕೆ ಒಟ್ಟಿಗೆ ಬೌಲಿಂಗ್ ಮಾಡಿದರು. ಅರಸೀಕೆರೆ ತಾಲ್ಲೂಕಿನ ಎರಡು ಊರುಗಳ ನಂಟು ಹೊತ್ತ ಇಬ್ಬರು ವೇಗಿಗಳು ಒಂದೇ ಟೆಸ್ಟ್‌ನಲ್ಲಿ! ಜಾನ್ಸನ್ ಎರಡೇ ಟೆಸ್ಟ್ ಆಡಿ, 2024ರ ಜೂನ್‌ನಲ್ಲಿ ನಮ್ಮನ್ನಗಲಿದರು. ಅವರ ಹೆಸರನ್ನು ಈ ಜಿಲ್ಲೆಯ ಹುಡುಗರಿಗೆ ಹೇಳಿಕೊಡುವುದು ನಮ್ಮ ಕರ್ತವ್ಯ.

ಆದರೆ ಶ್ರೀನಾಥ್ ಬೆಳೆದದ್ದು ಮೈಸೂರಿನಲ್ಲಿ. ಅಲ್ಲಿ ಮೈದಾನವಿತ್ತು, ಲೀಗ್ ಇತ್ತು, ಎಂಜಿನಿಯರಿಂಗ್ ಓದುತ್ತಲೇ ಆಡುವ ಅನುಕೂಲವಿತ್ತು. ಜಾನ್ಸನ್ ಆಟ ಕಟ್ಟಿಕೊಂಡದ್ದು ಬೆಂಗಳೂರಿನಲ್ಲಿ. ಪಕ್ಕದ ಕಡೂರಿನಲ್ಲಿ ಹುಟ್ಟಿ 2017ರ ವಿಶ್ವಕಪ್ ಫೈನಲ್ ಆಡಿದ ವೇದಾ ಕೃಷ್ಣಮೂರ್ತಿಯೂ ಕಲಿಯಲು ಬೆಂಗಳೂರಿಗೇ ಹೋಗಬೇಕಾಯಿತು. ಊರು ಬಿಟ್ಟು ಹೋಗಲು ಸಾಧ್ಯವಾದವರ ಹೆಸರು ನಮಗೆ ಗೊತ್ತು. ಹೋಗಲಾಗದವರು ಇಲ್ಲೇ ಇದ್ದಾರೆ.

ಅವರನ್ನು ನೋಡಬೇಕಾದರೆ ಕಾಫಿ ಎತ್ತಿದ ಮೇಲೆ ಖಾಲಿಯಾದ ಸಿಮೆಂಟ್ ಕಣಕ್ಕೆ ಹೋಗಬೇಕು. ಸಂಜೆ ಅಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ನಡೆಯುತ್ತದೆ. ಹುಡುಗ ಹತ್ತು ಹೆಜ್ಜೆ ಓಡಿಬಂದು ಭುಜದ ಬಲವನ್ನೆಲ್ಲ ಹಾಕಿ ಎಸೆದರೆ ಚೆಂಡು ಬ್ಯಾಟ್ಸ್‌ಮನ್ನನ ಎದೆಗೆ ಏರುತ್ತದೆ. ವೇಗ ಇದೆ, ಧೈರ್ಯ ಇದೆ. ಆದರೆ ಟೆನಿಸ್ ಚೆಂಡು ಅರವತ್ತು ಗ್ರಾಂ ಕೂಡ ತೂಗುವುದಿಲ್ಲ. ಲೆದರ್ ಬಾಲ್ 156ರಿಂದ 163 ಗ್ರಾಂ. ಟೆನಿಸ್ ಚೆಂಡಿಗೆ ಉಬ್ಬಿದ ಹೊಲಿಗೆಯಿಲ್ಲ. ಹೊಲಿಗೆಯ ಎರಡು ಬದಿಗೆ ಎರಡು ಬೆರಳಿಟ್ಟು, ಮಣಿಕಟ್ಟನ್ನು ನೇರವಾಗಿ ಹಿಡಿದು, ಹೊಲಿಗೆ ನೆಟ್ಟಗೆ ನಿಂತಂತೆ ಚೆಂಡು ಬಿಡುವ ವಿದ್ಯೆ ಆ ಹುಡುಗನಿಗೆ ಕಲಿಯಲು ಸಿಗುವುದೇ ಇಲ್ಲ. ಸಿಕ್ಕುವ ಹೊತ್ತಿಗೆ ಅವನಿಗೆ ಕೆಲಸ ಸಿಕ್ಕಿರುತ್ತದೆ, ಆಟ ನಿಂತಿರುತ್ತದೆ.

ಗೆದ್ದ ತಂಡಗಳ ಬೆನ್ನೆಲುಬು

ಇದು ಬರೀ ಊರಿನ ಅಭಿಮಾನದಿಂದ ಹೇಳುವ ಮಾತಲ್ಲ. ಕರ್ನಾಟಕ ಗೆದ್ದ ಕಾಲಗಳಲ್ಲಿ ಜಿಲ್ಲೆಗಳ ಪಾಲು ದೊಡ್ಡದಿತ್ತು. ತೊಂಬತ್ತರ ದಶಕದ ಸುವರ್ಣಕಾಲಕ್ಕೆ ಗದಗಿನಿಂದ ಸುನಿಲ್ ಜೋಶಿ, ಮೈಸೂರಿನಿಂದ ಶ್ರೀನಾಥ್ ಬಂದರು. 1999ರಿಂದ 2014ರವರೆಗೆ ಕಪ್ ಇಲ್ಲದ 15 ವರ್ಷ ಕಳೆದು, 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಗ್ಲೇಡ್ಸ್‌ನಲ್ಲಿ ಮುಂಬೈ ವಿರುದ್ಧ ಆರೇ ರನ್ನಿನಿಂದ ಫೈನಲ್ ಸೋತು, ಕೊನೆಗೆ ಗೆದ್ದ ತಂಡದ ನಾಯಕ ದಾವಣಗೆರೆಯ ವಿನಯ್ ಕುಮಾರ್. ಅವರ ಜೊತೆ ಬೌಲಿಂಗ್ ಮಾಡಿದ ಎಚ್.ಎಸ್. ಶರತ್ ಮಂಡ್ಯದವರು. ರನ್ ಗುಡ್ಡೆ ಹಾಕಿದ ಕೆ.ಎಲ್. ರಾಹುಲ್ ಮಂಗಳೂರಿನಲ್ಲಿ ಬೆಳೆದವರು. ರಾಬಿನ್ ಉತ್ತಪ್ಪ ಕೊಡಗಿನ ಮನೆತನದವರು. 2010ರಿಂದ ಮೂರು ವರ್ಷ ಕುಂಬ್ಳೆ ಅಧ್ಯಕ್ಷರಾಗಿ, ಶ್ರೀನಾಥ್ ಕಾರ್ಯದರ್ಶಿಯಾಗಿ ರಾಜ್ಯ ಕ್ರಿಕೆಟ್ ಸಂಸ್ಥೆಯನ್ನು ನಡೆಸಿದ್ದನ್ನೂ, ಹುಬ್ಬಳ್ಳಿಯಂಥ ಊರುಗಳಿಗೆ ರಣಜಿ ಪಂದ್ಯ ಹೋದದ್ದನ್ನೂ ಮರೆಯುವಂತಿಲ್ಲ.

ಬೇರೆಯವರೂ ಇದೇ ದಾರಿಯಲ್ಲಿ ಮೇಲೆ ಬಂದರು. ವಿದರ್ಭ ಜಾಫರ್ ಅವರನ್ನು ಕರೆತಂದದ್ದು ಎಲ್ಲರಿಗೂ ನೆನಪಿದೆ. ಅದಕ್ಕೂ ಮೊದಲು ಅವರು ಸ್ವಂತ ಅಕಾಡೆಮಿ ಕಟ್ಟಿ ಎಳೆಯರ ಮೇಲೆ ಹಣ ಹಾಕಿದ್ದರು. ಕಲ್ಲಿದ್ದಲು ಗಣಿ ಕಾರ್ಮಿಕರ ಮಗ ಉಮೇಶ್ ಯಾದವ್ ಇಪ್ಪತ್ತರ ಆಸುಪಾಸಿನವರೆಗೆ ಟೆನಿಸ್ ಬಾಲಿನಲ್ಲೇ ಆಡಿದವರು. ಅಂಥವರ ಕೈಗೆ ಸರಿಯಾದ ಕಾಲಕ್ಕೆ ಲೆದರ್ ಬಾಲ್ ಸಿಕ್ಕಿತು. ಇನ್ನು ಮಧ್ಯಪ್ರದೇಶ ಕಲಿಸುವುದು ಕಾಯುವ ತಾಳ್ಮೆ: 1999ರಲ್ಲಿ ಚಿನ್ನಸ್ವಾಮಿಯಲ್ಲಿ ನಮ್ಮೆದುರು ಫೈನಲ್ ಸೋತ ಆ ತಂಡದ ನಾಯಕ ಚಂದ್ರಕಾಂತ ಪಂಡಿತ್. 23 ವರ್ಷಗಳ ನಂತರ ಅವರೇ ಕೋಚ್ ಆಗಿ ಅದೇ ಮೈದಾನಕ್ಕೆ ಬಂದು, ಮುಂಬೈಯನ್ನು ಸೋಲಿಸಿ, ಮಧ್ಯಪ್ರದೇಶಕ್ಕೆ ಮೊದಲ ರಣಜಿ ಕಪ್ ಕೊಟ್ಟರು.

ಏನಾಗಬೇಕು

ಹಾಗಾದರೆ ಹಿರಿಯರೋ, ಹೊಸಬರೋ? ಇಬ್ಬರೂ ಬೇಕು. ಕರುಣ್ ಅಂಥವರನ್ನು ಕಳೆದುಕೊಳ್ಳಬಾರದು. ಸ್ಮರಣ್ ಅಂಥವರನ್ನು ಒಂದೆರಡು ಸೋಲಿಗೆ ಕೈಬಿಡಬಾರದು. ಆದರೆ ತಂಡದ ಆಯ್ಕೆ ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸ. ತಂಡ ಕಟ್ಟುವುದು ಹಾಗಲ್ಲ.

ಹಾಸನ ಜಿಲ್ಲೆಗೆ ಬೇಕಾದ್ದು ದೊಡ್ಡ ಸ್ಟೇಡಿಯಂ ಅಲ್ಲ. ಪ್ರತಿ ತಾಲ್ಲೂಕು ಕೇಂದ್ರದಲ್ಲಿ ಒಂದು ಒಳ್ಳೆಯ ಟರ್ಫ್ ಪಿಚ್, ಅದನ್ನು ನೋಡಿಕೊಳ್ಳಲು ಸಂಬಳದ ಒಬ್ಬ ಕ್ಯುರೇಟರ್. ಹನ್ನೆರಡು ಹದಿಮೂರರ ಹುಡುಗ ಹುಡುಗಿಯರಿಗೆ ಲೆದರ್ ಬಾಲಿನ ಶಾಲಾ ಲೀಗ್. ಬೇಲೂರು, ಅರಸೀಕೆರೆ, ಸಕಲೇಶಪುರದ ಟೆನಿಸ್ ಬಾಲ್ ಟೂರ್ನಿಗಳಿಗೆ ಬಂದು ವೇಗಿಗಳನ್ನು ಗುರುತಿಸುವ ಬೌಲಿಂಗ್ ಕೋಚ್. ಆಯ್ಕೆಗೆ ಕರೆದ ದಿನ ತೋಟದ ಕಾರ್ಮಿಕರ ಮಗನಿಗೆ ಬಸ್ ಚಾರ್ಜು, ಊಟ, ಉಳಿಯಲು ಜಾಗ. ಕಪ್ಪಿಗಾಗಿ ಖರ್ಚು ಮಾಡುವ ಹಣದಲ್ಲಿ ಇದು ಭಾರವಾಗುವ ಬಾಬ್ತಲ್ಲ.

ಅಭಿಮಾನಿಗಳಾದ ನಮಗೂ ಕೆಲಸವಿದೆ. ಆರ್‌ಸಿಬಿಗಾಗಿ ವಾದಿಸಿದಷ್ಟೇ ಬಿಸಿಯಾಗಿ ರಣಜಿ ತಂಡಕ್ಕಾಗಿಯೂ ವಾದಿಸೋಣ. ಮೈಸೂರಿನಲ್ಲೋ ಶಿವಮೊಗ್ಗದಲ್ಲೋ ರಣಜಿ ಪಂದ್ಯ ಬಂದಾಗ ಕೊಯ್ಲಿನ ನಡುವೆ ಒಂದು ದಿನ ಬಿಡುವು ಮಾಡಿಕೊಂಡು ಮಕ್ಕಳನ್ನು ಕರೆದುಕೊಂಡು ಹೋಗೋಣ. ನಮ್ಮ ತಾಲ್ಲೂಕಿಗೆ ಪಿಚ್ ಎಲ್ಲಿ ಎಂದು ಶಾಸಕರನ್ನೂ ಕ್ರಿಕೆಟ್ ಸಂಸ್ಥೆಯನ್ನೂ ಬಿಡದೆ ಕೇಳೋಣ. ಒಂಬತ್ತನೆಯ ಕಪ್ ಗೆದ್ದುಕೊಡುವ ವೇಗಿ ಇವತ್ತು ಹನ್ನೆರಡು ವರ್ಷದವನಾಗಿ ಈ ಜಿಲ್ಲೆಯಲ್ಲೇ ಆಡುತ್ತಿರಬಹುದು. ಅವನ ಕೈಗೆ ಈಗಲೇ ಲೆದರ್ ಬಾಲ್ ಕೊಡಬೇಕು.